ಎರಡು ಎಂಜಿನ್, ಒಂದೇ ಕೈ

ಅಕ್ಕನ ಮಗ ಭಾನುವಾರ ಆಡಿದ ಒಂದು ಮಾತು ಇಡೀ ವಾರ ನನ್ನ ತಲೆ ತಿನ್ನುತ್ತಿದೆ. ಅವನು ಎಎಂಇ, ಅಂದರೆ ವಿಮಾನ ರಿಪೇರಿಯ ಓದು ಮುಗಿಸಿ ಲೈನ್ ಮೇಂಟೆನೆನ್ಸ್‌ನಲ್ಲಿದ್ದಾನೆ, ಎರಡು ಹಾರಾಟಗಳ ನಡುವೆ ವಿಮಾನ ನೋಡಿ ಸರಿಮಾಡುವ ಕೆಲಸ. ಜಾಸ್ತಿ ನೈಟ್ ಶಿಫ್ಟೇ. ಸತ್ಯನಾರಾಯಣ ಪೂಜೆಯ ಊಟಕ್ಕೆ ಬಂದು ಕೂತಾಗಲೂ ಕಣ್ಣು ಕೆಂಪಗಿತ್ತು. ಅವನ ದೊಡ್ಡಪ್ಪ ಪಕ್ಕದ ಎಲೆಯಲ್ಲಿದ್ದರು, ಸುಮ್ನೆ ಇರಬೇಕಲ್ಲ. "ನೀವೇನಾದ್ರೂ ಎಡವಟ್ಟು ಮಾಡಿದ್ರೂ ನಮಗೇನು ಭಯ ಇಲ್ಲ ಬಿಡಪ್ಪ, ಒಂದು ಎಂಜಿನ್ ಹೋದ್ರೆ ಇನ್ನೊಂದು ಇರುತ್ತಲ್ಲ" ಅಂದರು. ಅವನು ಹೋಳಿಗೆ ಮುರಿಯುತ್ತಾ, ತಲೆ ಎತ್ತದೆ, "ಎರಡನ್ನೂ ಮುಟ್ಟಿದ್ದು ಒಂದೇ ಕೈ ಆಗಿದ್ರೆ, ದೊಡ್ಡಪ್ಪ?" ಅಂದ.

ದೊಡ್ಡಪ್ಪ ನಕ್ಕು ಗೊಜ್ಜು ಬಡಿಸಿಕೊಂಡರು. ಒಳ್ಳೆಯ ಮನುಷ್ಯರು, ಆದರೆ ಬೇರೆಯವರ ಕೆಲಸ ಅಂದರೆ ಅವರಿಗೆ ಯಾವಾಗಲೂ ಸಲೀಸು. ನನಗೆ ಮಾತ್ರ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಕೈ ತೊಳೆಯುವಾಗ ಹುಡುಗನನ್ನು ಹಿಡಿದು ಕೇಳಿದೆ. ಹ್ಯೂಮನ್ ಫ್ಯಾಕ್ಟರ್ಸ್ ಅಂತ, ಕೆಲಸದಲ್ಲಿ ಮನುಷ್ಯ ಹೇಗೆ ತಪ್ಪುತ್ತಾನೆ ಅನ್ನೋದರ ಬಗ್ಗೆ ಅವರಿಗೊಂದು ಪಾಠವೇ ಇದೆಯಂತೆ, ಅದರಲ್ಲಿ ಬರುವ ಕಥೆಗಳನ್ನು ಹೇಳಿದ. ಆಮೇಲೆ ನಾನೇ ಕೂತು ಓದಿದೆ.

1983ರ ಮೇ 5. ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್‌ನ ಟ್ರೈಸ್ಟಾರ್ ವಿಮಾನ ಮಯಾಮಿಯಿಂದ ಬಹಾಮಾಸ್‌ನ ನಸಾವ್‌ಗೆ ಹೊರಟಿತು. ಒಳಗೆ 172 ಜನ, ಮೂರು ಎಂಜಿನ್. ಎಂಜಿನ್ ಆಯಿಲ್‌ನಲ್ಲಿ ಲೋಹದ ಚೂರುಗಳೇನಾದರೂ ಬರುತ್ತಿವೆಯಾ ಅಂತ ನೋಡಲು ಚಿಪ್ ಡಿಟೆಕ್ಟರ್ ಅನ್ನೋ ಆಯಸ್ಕಾಂತದ ಬಿರಡೆ ಇರುತ್ತದೆ. ಹಿಂದಿನ ರಾತ್ರಿ ಮೂರೂ ಎಂಜಿನ್‌ಗಳದ್ದನ್ನು ಬಿಚ್ಚಿ ಬೇರೆ ಹಾಕಿದ್ದರು. ಮಾಮೂಲಿ ಕೆಲಸ. ಸಾಮಾನ್ಯವಾಗಿ ಫೋರ್‌ಮನ್ ಹತ್ತಿರದ ಬೀರುವಿನಲ್ಲಿ ಓ-ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಕೂರಿಸಿಟ್ಟ ಬಿರಡೆಗಳೇ ಸಿಗುತ್ತಿದ್ದವು. ಆ ರಾತ್ರಿ ಅಲ್ಲಿ ಒಂದೂ ಇರಲಿಲ್ಲ. ಸ್ಟೋರ್‌ನಿಂದ ತಂದರು. ಅವಕ್ಕೆ ರಿಂಗ್ ಇರಲಿಲ್ಲ. ಹಾಕಿದವರು ಇಬ್ಬರು, ಇಬ್ಬರೂ ನೋಡಲಿಲ್ಲ. ಇರುತ್ತೆ ಬಿಡು ಅಂದುಕೊಂಡರು. ಹೊಸ ರಿಂಗ್ ಹಾಕಬೇಕು ಅಂತ ಕೆಲಸದ ಪಟ್ಟಿ ಇರುವ ಕಾರ್ಡ್‌ನಲ್ಲಿ ಬರೆದಿತ್ತು, ಅದಕ್ಕೂ ಸಹಿ ಬಿತ್ತು.

ಮೇಲೆ ಹೋದ ಮೇಲೆ ಮೂರರಿಂದಲೂ ಆಯಿಲ್ ಸೋರಿತು. ಒಂದು ಎಂಜಿನ್ನನ್ನು ಪೈಲಟ್‌ಗಳೇ ಆರಿಸಿ ವಾಪಸ್ ತಿರುಗಿಸಿದರು. ಉಳಿದ ಎರಡರ ಆಯಿಲ್ ಮೀಟರೂ ಸೊನ್ನೆಗೆ ಬಂದಾಗ ಅವರು ನಂಬಲಿಲ್ಲ. ಮೀಟರೇ ಕೆಟ್ಟಿರಬೇಕು, ಮೂರೂ ಒಟ್ಟಿಗೆ ಹೋಗೋಕೆ ಸಾಧ್ಯಾನಾ ಅಂದುಕೊಂಡರು. ನೋಡಿ, ದೊಡ್ಡಪ್ಪನ ಲೆಕ್ಕವೇ ಅಲ್ವಾ? ಆಮೇಲೆ ಆ ಎರಡೂ ನಿಂತವು. ಜನ ಲೈಫ್ ಜಾಕೆಟ್ ಹಾಕಿಕೊಂಡು ಸಮುದ್ರಕ್ಕೆ ಬೀಳೋಕೆ ತಯಾರಾಗಿದ್ದರು. ಸುಮಾರು 4,000 ಅಡಿಗೆ ಇಳಿದಾಗ ಮೊದಲು ಆರಿಸಿದ್ದ ಎಂಜಿನ್ ಮತ್ತೆ ಹತ್ತಿಕೊಂಡಿತು. ಆ ಒಂದರಲ್ಲೇ ಮಯಾಮಿಗೆ ಬಂದಿಳಿದರು. ಯಾರಿಗೂ ಏನೂ ಆಗಲಿಲ್ಲ.

ಇಲ್ಲಿ ಕೈ ಒಂದೇ ಅಲ್ಲ, ಎರಡಿದ್ದವು. ಇಬ್ಬರ ತಲೆಯಲ್ಲೂ ಇದ್ದ ನಂಬಿಕೆ ಮಾತ್ರ ಒಂದೇ. ನನಗೆ ಅದೇ ಇನ್ನೂ ಭಯ ಹುಟ್ಟಿಸಿತು.

ಇನ್ನೆರಡು ಇಂಗ್ಲೆಂಡಿನವು. 1995ರ ಫೆಬ್ರವರಿಯಲ್ಲಿ ಒಂದು ಬೋಯಿಂಗ್ 737ರ ಎರಡೂ ಎಂಜಿನ್‌ಗಳ ಒಳಗನ್ನು ರಾತ್ರಿ ಬೋರೋಸ್ಕೋಪ್ (ಒಳಗೆ ತೂರಿಸಿ ನೋಡುವ ಸಪೂರ ಕೊಳವೆ) ಹಾಕಿ ನೋಡಿದ್ದರು. ಕೆಲಸ ಅರ್ಧದಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಬಾಯಿಮಾತಿನಲ್ಲಿ ದಾಟಿತು. ಎರಡೂ ಎಂಜಿನ್‌ಗಳ ಒಂದೊಂದು ಮುಚ್ಚಳ ವಾಪಸ್ ಬೀಳಲೇ ಇಲ್ಲ. ಮಾರನೇ ದಿನ ಹಾರುವಾಗ ಆಯಿಲ್ ಖಾಲಿಯಾಗುತ್ತಾ ಬಂದು ಹೇಗೋ ಲೂಟನ್‌ನಲ್ಲಿ ಇಳಿದರು. 2013ರ ಮೇ ತಿಂಗಳಲ್ಲಿ ಲಂಡನ್‌ನ ಹೀಥ್ರೂದಲ್ಲಿ ಒಂದು ಏರ್‌ಬಸ್ ಮೇಲೇರುವಾಗಲೇ ಎರಡೂ ಎಂಜಿನ್‌ಗಳ ಹೊದಿಕೆ ಬಾಗಿಲುಗಳು ಕಿತ್ತು ಹೋದವು, ಬೆಂಕಿಯೂ ಹತ್ತಿತು. ರಾತ್ರಿ ಆಯಿಲ್ ನೋಡಿದವರು ಆಮೇಲೆ ಬಂದು ಕೆಲಸ ಮುಗಿಸೋಣ ಅಂತ ಚಿಲಕ ಹಾಕದೆ ಹೋಗಿದ್ದರು. ಬಂದರು ಕೂಡ. ಆದರೆ ಬಂದಿದ್ದು ಬೇರೆ ವಿಮಾನದ ಹತ್ತಿರ! ಅಲ್ಲಿ ಬಾಗಿಲು ಮುಚ್ಚಿದ್ದು ನೋಡಿ, ಯಾರೋ ಮುಚ್ಚಿದ್ದಾರೆ ಅಂದುಕೊಂಡರು. ಆ ಚಿಲಕಗಳು ಎಂಜಿನ್ ಹೊಟ್ಟೆಯ ಕೆಳಗಿರುತ್ತವೆ, ಚೆನ್ನಾಗಿ ಬಗ್ಗಿ ನೋಡಬೇಕು. ಹೊರಡುವ ಮುಂಚೆ ಸುತ್ತು ಹಾಕಿದ ಪೈಲಟ್‌ಗೂ ಕಾಣಲಿಲ್ಲ.

ಇದನ್ನು ಓದಿ ನನಗೆ ನಗು ಬಂತು, ತಕ್ಷಣ ನಾಚಿಕೆಯೂ ಆಯಿತು. ನಡುರಾತ್ರಿ, ಒಂದೇ ಥರದ ವಿಮಾನಗಳ ಸಾಲು, ನಿದ್ದೆಗೆಟ್ಟ ಕಣ್ಣು.

ಎರಡೇ ಎಂಜಿನ್‌ನಲ್ಲಿ ಸಮುದ್ರ ದಾಟಿ ದೂರ ಹೋಗುವ ವಿಮಾನಗಳಿಗೆ ಈಗ ನಿಯಮವಿದೆ: ಒಂದೇ ಸಲಕ್ಕೆ ಎರಡೂ ಎಂಜಿನ್‌ಗಳ ಅದೇ ಕೆಲಸವನ್ನು ಒಬ್ಬನೇ ಮಾಡೋದನ್ನು ಆದಷ್ಟು ತಪ್ಪಿಸಬೇಕು, ಮಾಡಲೇಬೇಕಾದರೆ ಬೇರೆಯವರು ಪರೀಕ್ಷಿಸಬೇಕು. ಒಳ್ಳೆಯದೇ. ಆದರೆ ಪರೀಕ್ಷಿಸುವವನೂ ಅದೇ ಶಿಫ್ಟಿನವನು ತಾನೇ? ದೊಡ್ಡಪ್ಪ ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು. ಕ್ಲರ್ಕ್ ಬರೆದ ವೋಚರ್‌ಗೆ ಕೆಳಗೆ ಇನ್ನೊಬ್ಬರ ಸಹಿ ಇರುತ್ತದಲ್ಲ, ಮಾರ್ಚ್ ಕೊನೆಯಲ್ಲಿ ಅದರಲ್ಲಿ ಎಷ್ಟನ್ನು ನಿಜವಾಗಿ ಓದಿ ಹಾಕಿದ್ದರೋ ಅವರನ್ನೇ ಕೇಳಬೇಕು. ಅಲ್ಲಿ ತಪ್ಪಾದರೆ ಮಾರನೇ ದಿನ ತಿದ್ದಬಹುದಿತ್ತು, ಅಷ್ಟೇ.

ತಪ್ಪು ಹೊರಬಿದ್ದ ಮೇಲೆ ಎಲ್ಲರ ಬೆರಳೂ ಸ್ಪ್ಯಾನರ್ ಹಿಡಿದವನ ಕಡೆಗೇ ಹೋಗುತ್ತದೆ. ಮಯಾಮಿಯ ತನಿಖೆಯಲ್ಲಿ ಹಾಗಾಗಲಿಲ್ಲ ಅನ್ನೋದು ನನಗೆ ಹಿಡಿಸಿತು. ಮೆಕ್ಯಾನಿಕ್‌ಗಳನ್ನು ಬಿಡಲಿಲ್ಲ, ಆದರೆ ಸೂಪರ್‌ವೈಸರ್‌ಗಳನ್ನೂ ಕಂಪನಿಯ ಆಡಳಿತವನ್ನೂ ಬಿಡಲಿಲ್ಲ. ಇದೇ ಥರದ ಸೋರಿಕೆ ಅಲ್ಲಿ ಮುಂಚೆಯೂ ಆಗಿತ್ತು, ತೆಗೆದುಕೊಂಡ ಕ್ರಮ ಸಾಕಾ ಅಂತ ಮೇಲಿನವರು ಸರಿಯಾಗಿ ನೋಡಿರಲಿಲ್ಲ.

ನಿನ್ನೆ ಅಕ್ಕನ ಮಗನಿಗೆ ಫೋನ್ ಮಾಡಿದ್ದೆ. ಶಿಫ್ಟ್ ಮುಗಿಸಿ ಮನೆಗೆ ಬಂದ ಮೇಲೆ, ಅಯ್ಯೋ, ಆ ಮುಚ್ಚಳ ಹಾಕಿದ್ನಾ ಇಲ್ವಾ ಅಂತ ಅನುಮಾನ ಬಂದರೆ ಏನು ಮಾಡ್ತೀಯೋ ಅಂತ ಕೇಳಿದೆ.

"ಫೋನ್ ಮಾಡಿ ವಿಮಾನ ನಿಲ್ಲಿಸಿ ಅಂತೀನಿ ಚಿಕ್ಕಮ್ಮ. ಒಂದ್ಸಲ ಮಾಡಿದ್ದೆ. ಹೋಗಿ ನೋಡಿದ್ರು, ಎಲ್ಲಾ ಸರಿಯಾಗೇ ಇತ್ತು."

"ಬೈದ್ರಾ?"

"ಆವತ್ತು ಇದ್ದವರು ಬೈಲಿಲ್ಲ" ಅಂದ. ಬೇರೆಯವರಿದ್ದಿದ್ದರೆ ಅಂತ ಕೇಳಿದ್ದಕ್ಕೆ, ನಿದ್ದೆ ಬರ್ತಿದೆ ಚಿಕ್ಕಮ್ಮ, ಆಮೇಲೆ ಮಾತಾಡೋಣ ಅಂದ.