ಕ್ಯಾಸ್ ವರದಿ ಉಡುಪಿಗೆ ಬಂದ ಬಗೆ

ಹುಟ್ಟಿನ ಲಿಂಗ ತಮ್ಮದಲ್ಲವೆನ್ನುವ ಹದಿಹರೆಯದವರಿಗೆ ಹರೆಯವನ್ನು ತಡೆಹಿಡಿಯುವ ಔಷಧಿಯನ್ನೂ ಹಾರ್ಮೋನನ್ನೂ ಕೊಡಬೇಕೇ ಎಂಬ ಚರ್ಚೆ, 2024ರ ಏಪ್ರಿಲ್‌ನಲ್ಲಿ ಮಕ್ಕಳ ತಜ್ಞೆ ಹಿಲರಿ ಕ್ಯಾಸ್ ಅವರ ಅಂತಿಮ ವರದಿ ಹೊರಬಂದ ಬಳಿಕ ಬ್ರಿಟನ್ನಿನಲ್ಲಿ ಇನ್ನಷ್ಟು ಕಾವೇರಿತು. ಔಷಧಿಗಳ ಪರವಾದ ಪುರಾವೆ ದುರ್ಬಲವೆಂದ ಆ ವರದಿಯೇ, ಕೆಲವರಿಗೆ ಲಿಂಗ ಪರಿವರ್ತನೆಯೇ ಸರಿಯಾದ ದಾರಿಯಾದೀತು ಎಂದೂ ಹೇಳಿದೆ. ಈ ಎರಡನೆಯ ಮಾತು ನಮ್ಮ ಉಡುಪಿಗೆ ತಲಪುವಷ್ಟರಲ್ಲಿ ಕಳಚಿಬಿದ್ದಿದೆ.

ಬ್ರಿಟನ್ನಿನ ಕೆಲವು ಗೇ ಮತ್ತು ಲೆಸ್ಬಿಯನ್ ಹೋರಾಟಗಾರರ ಆತಂಕ ಬೇರೆಯದು. ಗೇಲಿಗೆ ನೊಂದ ಹುಡುಗಿಯೊಬ್ಬಳು ತಾನು ಹುಡುಗಿಯರನ್ನು ಇಷ್ಟಪಡುವವಳೆಂದು ಒಪ್ಪಿಕೊಳ್ಳುವುದಕ್ಕಿಂತ ತಾನು ಹುಡುಗನೇ ಎಂದುಕೊಳ್ಳುವುದು ಸುಲಭವೆಂದು ಭಾವಿಸಿ, ಆ ಭಾವನೆಯನ್ನು ವೈದ್ಯರು ತಡವಿ ನೋಡದೆ ಚಿಕಿತ್ಸೆಗೆ ಇಳಿದರೆ ಏನು ಗತಿ ಎಂದು ಅವರು ಕೇಳುತ್ತಾರೆ. ಇದು ಬುಡವಿಲ್ಲದ ಮಾತಲ್ಲ: ಸಲಿಂಗ ಸಂಬಂಧಕ್ಕೆ ಮರಣದಂಡನೆ ವಿಧಿಸಬಲ್ಲ ಇರಾನಿನಲ್ಲಿ ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆಗೆ ಅನುಮತಿಯಿದ್ದು, ಬದುಕಿಕೊಳ್ಳಲು ಅದಕ್ಕೆ ಒಡ್ಡಿಕೊಳ್ಳಬೇಕಾದ ಒತ್ತಡ ಗೇ ಯುವಕರ ಮೇಲಿದೆ. ಆದರೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೆಲ್ಲ ದಾರಿತಪ್ಪಿದ ಗೇಗಳೆಂದು ಇದರಿಂದ ಸಿದ್ಧವಾಗುವುದಿಲ್ಲ; ಪರಿವರ್ತನೆಯ ಅನಂತರ ತಮ್ಮ ಹೊಸ ಲಿಂಗದವರನ್ನೇ ಇಷ್ಟಪಟ್ಟು ಗೇ ಅಥವಾ ಲೆಸ್ಬಿಯನ್ ಆಗಿ ಬಾಳುವವರು ಅನೇಕರಿದ್ದಾರೆ.

ಪರಿಚಯದ ತಂದೆಯೊಬ್ಬರ ಕಾಲೇಜು ಓದುವ ಮಗ, ತನಗೆ ಹುಡುಗರ ಮೇಲೆಯೇ ಮನಸ್ಸೆಂದು ಮನೆಯಲ್ಲಿ ತಿಳಿಸಿದ್ದ. ಅವರು ಮೊಬೈಲಿನಲ್ಲಿ ಬಂದ ಈ ವರದಿಯ ತುಣುಕೊಂದನ್ನು ತೋರಿಸಿ, "ನೋಡಿ ಮಾರಾಯ್ರೆ, ಇದೆಲ್ಲ ಭ್ರಮೆ ಅಂತ ಅಲ್ಲಿಯವರೇ ಬರೆದಿದ್ದಾರೆ" ಎಂದರು. ಮಗ ಹಾರ್ಮೋನು ಕೇಳಿರಲಿಲ್ಲ. ತನ್ನನ್ನು ಸರಿಮಾಡಲು ಯಾವ ಡಾಕ್ಟರಲ್ಲಿಗೂ ಕರೆದೊಯ್ಯಬೇಡಿ ಎಂದಷ್ಟೇ ಬೇಡಿಕೊಂಡಿದ್ದ. ಅವನಿಗೆ ಸಂಬಂಧವೇ ಇಲ್ಲದ ವರದಿಯೊಂದು ಅವನ ವಿರುದ್ಧದ ಸಾಕ್ಷಿಯಾಗಿ ನಿಂತಿತ್ತು. (ಯಕ್ಷಗಾನದ ಸ್ತ್ರೀವೇಷಧಾರಿಯ ಲಾಲಿತ್ಯಕ್ಕೆ ತಲೆದೂಗುವ ನಮ್ಮ ಜನ, ಅದೇ ಲಾಲಿತ್ಯ ಶಾಲೆಯ ಹುಡುಗನ ನಡಿಗೆಯಲ್ಲಿ ಕಂಡರೆ ನಗುವುದೂ ಇದೇ ಊರಿನಲ್ಲಿ.)

ಮಕ್ಕಳ ಔಷಧೋಪಚಾರದಲ್ಲಿ ಅವಸರ ಬೇಡವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ನಿಧಾನ ಎರಡೂ ಕಡೆಗೆ ಅನ್ವಯಿಸಬೇಕು: ಟ್ರಾನ್ಸ್ ಎಂದು ಬೇಗನೆ ತೀರ್ಮಾನಿಸಬಾರದಾದರೆ, ಅಲ್ಲವೆಂದೂ ಬೇಗನೆ ತೀರ್ಮಾನಿಸಬಾರದು, ಗೇ ಮಗನನ್ನು ಬದಲಿಸಹೊರಡುವುದಂತೂ ಸಲ್ಲದು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು, ಅದನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಬಿಡಿಸಿತು. ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಮೇರೆಗೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಲೈಂಗಿಕ ಒಲವನ್ನು ಬದಲಿಸುತ್ತೇವೆನ್ನುವ ಚಿಕಿತ್ಸೆಯನ್ನು ವೃತ್ತಿಪರ ದುರ್ನಡತೆಯೆಂದು ಸಾರಿತು. ಹೀಗಿರುವಾಗ ಮಗನನ್ನು ಸರಿಮಾಡಿಕೊಡುತ್ತೇನೆಂದು ಯಾವ ವೈದ್ಯರಾದರೂ ಹೇಳಿದರೆ ಪೋಷಕರು ಅಲ್ಲಿಂದ ಎದ್ದು ಬರಬೇಕು, ಬಂದ ಮೇಲೆ ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು ಬರೆಯಬೇಕು.