ಅರ್ಧ ಪಾಯಿಂಟು

ಬೆಳಗಿನ ಮೊದಲ ಬಸ್ಸಿಗೇ ತೀರ್ಥಹಳ್ಳಿ ಬಿಟ್ಟಿದ್ದೆವು. ಶಿವಮೊಗ್ಗಕ್ಕೆ ಹೆಚ್ಚು ಕಡಿಮೆ 60 ಕಿಲೋಮೀಟರ್. ಮಂಡಗದ್ದೆ ದಾಟಿದರೂ ಮಗಳಿಗೆ ನಿದ್ದೆ. ಸಕ್ರೆಬೈಲಿನಲ್ಲಿ ಎಬ್ಬಿಸಿ "ಆನೆ ನೋಡೇ" ಅಂದರೆ, "ನಂಗೆ ನನ್ನ ಎರಡು ಆನೆ ಸಾಕು" ಎಂದು ಮತ್ತೆ ಕಣ್ಣು ಮುಚ್ಚಿದಳು. 2024ರಲ್ಲಿ ಗುಕೇಶ್ 18ನೇ ವಯಸ್ಸಿಗೇ ಚೆಸ್ ವಿಶ್ವ ಚಾಂಪಿಯನ್ ಆದಾಗ ಹಿಡಿದ ಹುಚ್ಚು, ಇನ್ನೂ ಬಿಟ್ಟಿಲ್ಲ.

ಟೂರ್ನಿಯ ಹಾಲ್ ಒಳಗೆ ಅಪ್ಪ ಅಮ್ಮಂದಿರನ್ನು ಬಿಡುವುದಿಲ್ಲ. ಹೊರಗೆ ಜಡಿಮಳೆ. ಒದ್ದೆ ಕೊಡೆ ಹಿಡಿದು ನಾವೆಲ್ಲ ಕಿಟಕಿಗೆ ಜೋತುಬಿದ್ದಿದ್ದೆವು. ಐದನೇ ರೌಂಡು. ಎದುರಿಗೆ ಕೂತ ಹುಡುಗನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಇವಳ ಸೈನಿಕ ಕೊನೆಯ ಮನೆ ಮುಟ್ಟಿ ರಾಣಿಯಾಗಿತ್ತು. ಅವನಿಗೆ ಉಳಿದದ್ದು ರಾಜ ಒಂದೇ, ಅದೂ ಮೂಲೆಯಲ್ಲಿ. ಇವಳು ಒಮ್ಮೆ ಗಡಿಯಾರ ನೋಡಿದಳು, ರಾಣಿಯನ್ನು ಎತ್ತಿ ಇಟ್ಟಳು, ಟಪ್ ಅಂತ ಗುಂಡಿ ಒತ್ತಿದಳು.

ಹುಡುಗ ಕೈ ಚಾಚಿದ. ಸೋತೆ ಅಂತಲೇ ಅಲ್ವಾ ಅರ್ಥ? ನಾನು ಪಕ್ಕದವರಿಗೆ "ನಮ್ಮ ಹುಡುಗಿ" ಎಂದೂ ಹೇಳಿಬಿಟ್ಟೆ. ಆದರೆ ನಗುತ್ತಿದ್ದದ್ದು ಅವನು. ಇವಳು ತುಟಿ ಕಚ್ಚಿಕೊಂಡು ಬೋರ್ಡನ್ನೇ ನೋಡುತ್ತಿದ್ದಳು.

ಸ್ಟೇಲ್‌ಮೇಟ್ ಅಂತೆ. ರಾಜನಿಗೆ ಚೆಕ್ ಇಲ್ಲ, ಆದರೆ ಹೋಗಲು ಮನೆಯೂ ಇಲ್ಲ. ಬೇರೆ ಕಾಯಿಯೂ ಇಲ್ಲ. ಆಟ ಡ್ರಾ, ಇಬ್ಬರಿಗೂ ಅರ್ಧರ್ಧ ಪಾಯಿಂಟು. ನಾವು ಜಗಲಿಯಲ್ಲಿ ಆಡುವಾಗ ರಾಜ ಅಲ್ಲಾಡದಿದ್ದರೆ ಸತ್ತ ಅಂತಲೇ ಲೆಕ್ಕ. ಪೂರ್ತಿ ಸೋತವನಿಗೆ ಅರ್ಧ ಕೊಡುವುದು ಯಾವ ನ್ಯಾಯವೋ, ನನಗೆ ಈಗಲೂ ಒಪ್ಪಿಗೆಯಿಲ್ಲ.

ವಾಪಸು ಬರುವಾಗ ಗಾಜನೂರಿನವರೆಗೂ ಮಾತಿಲ್ಲ. ಆಮೇಲೆ ಬಸ್ ಟಿಕೆಟ್ಟಿನ ಹಿಂದೆ ಚೌಕ ಗೀಚಿ ತೋರಿಸಿದಳು. "ರಾಜ ಮೂಲೆಗೆ ಹೋದ್ಮೇಲೆ ರಾಣೀನ ಅವನಿಂದ ಕುದುರೆ ನೆಗೆಯೋ ದೂರದಲ್ಲಿ ಇಡಬಾರ್ದು ಅಪ್ಪ. ನಂಗೆ ಗೊತ್ತಿತ್ತು. ಟೈಮ್ ನೋಡಿ ಹೆದ್ರಿ ಅಲ್ಲೇ ಇಟ್ಟೆ."

ರಾತ್ರಿ ಊಟ ಆದದ್ದೇ ಬೋರ್ಡು ಹಾಸಿದಳು. ನನಗೆ ಒಂಟಿ ರಾಜ, ಅವಳಿಗೆ ರಾಜ ರಾಣಿ. ಮೊದಲ ಆಟದಲ್ಲಿ ಮೂಲೆಗೆ ಸಿಕ್ಕಿಬಿದ್ದು ನಾನೇ ಕೈ ಚಾಚಿದೆ.

"ತಡಿ ಅಪ್ಪ," ಎಂದಳು ಬೋರ್ಡಿನಿಂದ ತಲೆಯೆತ್ತದೆ, "ನಿಂಗಿನ್ನೂ ಒಂದು ಮನೆ ಇದೆ."