ಚಿನ್ನದ ರೇಕಿಗೂ ಮೊದಲು

ಗಾಜಿನ ಹಿಂಬದಿಗೆ ಚಿನ್ನದ ರೇಕು ಕೂರಿಸುವಾಗ ನನಗೆ ದೊಡ್ಡ ಭಯ ಧೂಳಿನದು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ (1ರಿಂದ 10) ಗಾಜು ಸುಮಾರು 5.5, ಧೂಳಿನಲ್ಲಿರೋ ಮರಳು 7. ಒಣ ಬಟ್ಟೆಯಡಿ ಒಂದೇ ಒಂದು ಕಣ ಸಿಕ್ಕರೂ ಗೀರು ಬಿತ್ತು ಅಂತಲೇ ಲೆಕ್ಕ. ಆಮೇಲೆ ಚಿನ್ನ ಅದನ್ನು ಮುಚ್ಚಲ್ಲ, ಎತ್ತಿ ತೋರಿಸುತ್ತೆ.

ಅದಕ್ಕೇ ಮೊದಲು ಧಾರಾಳವಾಗಿ ನೀರು, ನಂತರ ಕ್ಯಾಲ್ಸಿಯಂ ಕಾರ್ಬೊನೇಟಿನ ನುಣ್ಣನೆ ಪುಡಿ. ಅದರ ಗಡಸುತನ ಬರೀ 3. ಜಿಡ್ಡು ಹೋಗುತ್ತೆ, ಗಾಜಿಗೆ ಏನೂ ಆಗಲ್ಲ. ಪ್ಯೂಮಿಸ್ (ಜ್ವಾಲಾಮುಖಿ ಕಲ್ಲಿನ ಪುಡಿ) ಮಾತ್ರ ಬೇಡವೇ ಬೇಡ, ಅದು ಗಾಜನ್ನೇ ಗೀರುತ್ತೆ. (ಅಂಟಿದ್ದನ್ನು ಕೆರೆಯೋಕೆ ಬ್ಲೇಡ್ ಬೇಕೇ ಬೇಕಾದರೆ ಹೊಸದು, ಒದ್ದೆ ಗಾಜಿನ ಮೇಲೆ, ಒಂದೇ ದಿಕ್ಕಿಗೆ.)

ಲಂಡನ್ನಿನ ವಿಕ್ಟೋರಿಯಾ ಕಾಲದ ಪಬ್‌ಗಳ ಚಿನ್ನದ ಕನ್ನಡಿಗಳನ್ನು ನೋಡಿದಾಗೆಲ್ಲ, ರೇಕು ಹಚ್ಚಿದವರಷ್ಟೇ ಗಾಜು ತೊಳೆದುಕೊಟ್ಟವರೂ ನೆನಪಾಗುತ್ತಾರೆ. ಅವರ ಹೆಸರು ಎಲ್ಲೂ ಬರೆದಿಲ್ಲವಲ್ಲ ಅಂತ ಬೇಜಾರಾಗುತ್ತೆ.